ಗಲೀಸಿಯಾದ ನಲವತ್ತು: ಆಳುವ ಪಕ್ಷ ಮತ್ತೆ ಗೆದ್ದ ಬಗೆ

2024ರ ಫೆಬ್ರವರಿ 18ರ ರಾತ್ರಿ, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದಲ್ಲಿ ಮತ ಎಣಿಕೆ ಮುಗಿದಾಗ ಲೆಕ್ಕ ಹೀಗಿತ್ತು: ಪ್ರಾದೇಶಿಕ ಸಂಸತ್ತಿನ 75 ಸ್ಥಾನಗಳಲ್ಲಿ ಆಳುವ ಬಲಪಂಥೀಯ ಪಾಪುಲರ್ ಪಾರ್ಟಿಗೆ, ಅಂದರೆ ಪಿಪಿಗೆ, 40. ಬಿಎನ್‌ಜಿ ಎಂಬ ಗಲೀಸಿಯಾದ ರಾಷ್ಟ್ರವಾದಿ ಪಕ್ಷಕ್ಕೆ 25. ಸೋಷಲಿಸ್ಟರಿಗೆ 9. ಓರೆನ್ಸೆ ಎಂಬ ನಗರದ ಒಂದು ಊರ ಪಕ್ಷಕ್ಕೆ 1. ಬಹುಮತಕ್ಕೆ ಬೇಕಿದ್ದದ್ದು 38. ಗಲೀಸಿಯಾ ಸರ್ಕಾರದ ಅಧ್ಯಕ್ಷ, ಪಿಪಿಯ ಆಲ್ಫೋನ್ಸೊ ರುಯೇದಾ ಎರಡು ಸ್ಥಾನ ಮಿಗಿಸಿಕೊಂಡು ಅಧಿಕಾರ ಉಳಿಸಿಕೊಂಡರು. 2009ರಿಂದ ಎಣಿಸಿದರೆ ಅವರ ಪಕ್ಷಕ್ಕೆ ಇದು ಸತತ ಐದನೇ ಬಹುಮತ.

ಆಳುವವರು ಮತ್ತೆ ಗೆದ್ದರು ಅನ್ನುವ ಸುದ್ದಿ ಬೇಗ ಹಳಸುತ್ತದೆ. ಈ ಗೆಲುವು ಮಾತ್ರ ಬಿಡಿಸಿ ನೋಡುವಂತಿದೆ. ಪಿಪಿ ಗೆದ್ದದ್ದು ತನ್ನ ಎದುರಾಳಿ ದುರ್ಬಲವಾಗಿದ್ದ ವರ್ಷದಲ್ಲಲ್ಲ. ಎದುರಾಳಿ ತನ್ನ ಚರಿತ್ರೆಯಲ್ಲೇ ಅತಿ ಹೆಚ್ಚು ಸ್ಥಾನ ಪಡೆದ ವರ್ಷದಲ್ಲಿ. ಬಿಎನ್‌ಜಿ ಬೆಳೆದದ್ದಕ್ಕೂ ಪಿಪಿ ಉಳಿದದ್ದಕ್ಕೂ ನಂಟಿದೆ ಎಂಬುದು ನನ್ನ ವಾದ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಇಲ್ಲಿ 'ರಾಷ್ಟ್ರವಾದಿ' ಅಂದರೆ ಸ್ಪೇನಿನ ರಾಷ್ಟ್ರವಾದಿ ಅಲ್ಲ. ಗಲೀಸಿಯಾವೇ ಒಂದು ರಾಷ್ಟ್ರ, ಗಲೀಸಿಯನ್ ಅದರ ಭಾಷೆ ಎನ್ನುವವರು ಇಲ್ಲಿ ರಾಷ್ಟ್ರವಾದಿಗಳು, ಮತ್ತು ಅವರು ಎಡಪಂಥೀಯರು. ಅವರ ಪಕ್ಷ 1982ರಲ್ಲಿ ಹುಟ್ಟಿದ್ದು. ಅದಕ್ಕೆ ಒಂದು ವರ್ಷ ಮೊದಲು, 1981ರಲ್ಲಿ, ಗಲೀಸಿಯಾಕ್ಕೆ ಸ್ವಾಯತ್ತತೆಯ ಶಾಸನ ಸಿಕ್ಕಿತ್ತು. ಅಲ್ಲಿನ ಸರ್ಕಾರಕ್ಕೆ 'ಷುಂತಾ' ಎಂದು ಹೆಸರು. ಆಸ್ಪತ್ರೆ, ಶಾಲೆ, ಮೀನುಗಾರಿಕೆಯಂಥ ದಿನನಿತ್ಯದ ಸಂಗತಿಗಳೆಲ್ಲ ಬಹುಪಾಲು ಅದರ ಕೈಯಲ್ಲಿವೆ.

ರುಯೇದಾ ಈ ಚುನಾವಣೆಯನ್ನು ಅವಧಿಗಿಂತ ಕೆಲವು ತಿಂಗಳು ಮೊದಲೇ ಕರೆದಿದ್ದರು. ಲೆಕ್ಕಾಚಾರ ಸರಳವಾಗಿತ್ತು. 2023ರ ನವೆಂಬರ್‌ನಲ್ಲಿ ಸೋಷಲಿಸ್ಟ್ ನಾಯಕ ಪೆದ್ರೊ ಸಾಂಚೆಸ್ ಕ್ಯಾಟಲೋನಿಯಾದ ಪ್ರತ್ಯೇಕತಾವಾದಿಗಳ ಬೆಂಬಲ ಪಡೆದು ಮತ್ತೆ ಪ್ರಧಾನಿಯಾಗಿದ್ದರು. ಅದಕ್ಕೆ ತೆತ್ತ ಬೆಲೆ, ಆ ಚಳವಳಿಯಲ್ಲಿ ಮೊಕದ್ದಮೆ ಹೊತ್ತವರಿಗೆಲ್ಲ ಕ್ಷಮಾದಾನ ನೀಡುವ ಕಾನೂನು. ಊರೂರಲ್ಲಿ ಸಿಟ್ಟಿತ್ತು. ಬಿಸಿ ಆರುವ ಮೊದಲೇ ಮತ ಕೇಳಿಬಿಟ್ಟರೆ ಗಲೀಸಿಯಾದ ಚುನಾವಣೆ ಸಾಂಚೆಸ್ ವಿರುದ್ಧದ ಜನಮತದಂತಾಗುತ್ತದೆ ಎಂದು ಪಿಪಿಯವರು ಎಣಿಸಿದ್ದರು.

ಆಗಲಿಲ್ಲ. ಕಡಲು ಅಡ್ಡ ಬಂತು.

2023ರ ಡಿಸೆಂಬರ್ 8ರಂದು ಪೋರ್ಚುಗಲ್ ಕರಾವಳಿಯಾಚೆ ತೊಕೊನಾವೊ ಎಂಬ ಹಡಗಿನಿಂದ ಆರು ಕಂಟೇನರುಗಳು ನೀರಿಗೆ ಬಿದ್ದವು. ಅವುಗಳಲ್ಲೊಂದರಲ್ಲಿ ಪ್ಲಾಸ್ಟಿಕ್ ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿಯಾದ ಬಿಳಿ ಹರಳುಗಳ ಚೀಲಗಳಿದ್ದವು: ತಲಾ 25 ಕಿಲೊ, ಸುಮಾರು ಸಾವಿರ ಚೀಲ. ದಿನಗಳು ಕಳೆದಂತೆ ಗಲೀಸಿಯಾದ ಮರಳಿನ ಮೇಲೆ ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಚೆಲ್ಲಿಕೊಂಡಿತು. ಜನವರಿಯಲ್ಲಿ ಜನ ಜರಡಿ ಹಿಡಿದು ಕಡಲತೀರಕ್ಕೆ ಇಳಿದರು. ಷುಂತಾ ಮತ್ತು ಮ್ಯಾಡ್ರಿಡ್ ಸರ್ಕಾರ, ಯಾರಿಗೆ ಮೊದಲು ತಿಳಿಯಿತು, ಯಾರು ಸುಮ್ಮನಿದ್ದರು ಎಂದು ಕಚ್ಚಾಡಿದವು. ಬೇರೆ ಯಾವುದೇ ಕರಾವಳಿಯಲ್ಲಾಗಿದ್ದರೆ ಇದು ವಾರದ ಸುದ್ದಿ. ಗಲೀಸಿಯಾದಲ್ಲಿ ಹಾಗಲ್ಲ. 2002ರ ನವೆಂಬರ್‌ನಲ್ಲಿ ಪ್ರೆಸ್ಟಿಜ್ ಎಂಬ ತೈಲ ಹಡಗು ಒಡೆದು ಕರಾವಳಿಯುದ್ದಕ್ಕೂ ಕಪ್ಪು ತೈಲ ಬಳಿದದ್ದು ಅಲ್ಲಿ ಯಾರೂ ಮರೆತಿಲ್ಲ. 'ಇನ್ನೆಂದಿಗೂ ಬೇಡ' ಎಂಬ ಕೂಗಿನ ದೊಡ್ಡ ಚಳವಳಿ ಎದ್ದದ್ದು ಆಗ. 2005ರಲ್ಲಿ ಪಿಪಿ ಅಧಿಕಾರ ಕಳೆದುಕೊಂಡಿತು.

ಎರಡನೇ ಪೆಟ್ಟು ಒಳಗಿನಿಂದಲೇ ಬಿತ್ತು. ಮತದಾನಕ್ಕೆ ಒಂದು ವಾರವಿದ್ದಾಗ ಪಿಪಿಯ ರಾಷ್ಟ್ರಮಟ್ಟದ ನಾಯಕ ಅಲ್ಬೆರ್ತೊ ನೂನ್ಯೆಸ್ ಫೇಹೋ ಪತ್ರಕರ್ತರೊಂದಿಗಿನ ಮಾತುಕತೆಯಲ್ಲಿ ಹೇಳಿದ ಸಂಗತಿ ಹೊರಬಿತ್ತು: ಕ್ಷಮಾದಾನದ ಬೇಡಿಕೆಯನ್ನು ತಮ್ಮ ಪಕ್ಷವೂ 24 ಗಂಟೆ ಕಾಲ ಪರಿಶೀಲಿಸಿತ್ತಂತೆ. ಫೇಹೋ ಸಾಮಾನ್ಯ ನಾಯಕರಲ್ಲ. 2009ರಿಂದ 2022ರವರೆಗೆ ಗಲೀಸಿಯಾವನ್ನು ಆಳಿ, ನಾಲ್ಕು ಬಾರಿ ಬಹುಮತ ತಂದು, ಅಲ್ಲಿಂದಲೇ ರಾಷ್ಟ್ರಮಟ್ಟದ ಪಕ್ಷದ ಅಧ್ಯಕ್ಷ ಸ್ಥಾನಕ್ಕೇರಿದವರು. ಫೇಹೋ ಸರ್ಕಾರದಲ್ಲಿ ಉಪಾಧ್ಯಕ್ಷರಾಗಿದ್ದವರು ರುಯೇದಾ, ಕುರ್ಚಿಯನ್ನು ಫೇಹೋ ಕೈಯಿಂದಲೇ ಪಡೆದವರು. ಕ್ಷಮಾದಾನವೇ ದೇಶದ್ರೋಹ ಎಂದು ಬೀದಿಬೀದಿಯಲ್ಲಿ ಹೇಳುತ್ತಿದ್ದ ಪಕ್ಷದ ಮುಖ್ಯಸ್ಥರೇ ಹೀಗೆಂದರೆ ಅಭ್ಯರ್ಥಿ ಏನು ಹೇಳಬೇಕು? ಕೊನೆಯ ದಿನಗಳಲ್ಲಿ ಕೆಲವು ಸಮೀಕ್ಷೆಗಳು ಪಿಪಿಗೆ ಬಹುಮತ ತಪ್ಪಬಹುದು ಎಂದವು. ತಪ್ಪಿದ್ದರೆ ಅದು ರುಯೇದಾ ಒಬ್ಬರ ಸೋಲಾಗುತ್ತಿರಲಿಲ್ಲ. ತವರಿನಲ್ಲೇ ನೆಲೆ ಕಳೆದುಕೊಂಡ ಫೇಹೋ ಮ್ಯಾಡ್ರಿಡ್‌ನಲ್ಲಿ ಉಳಿಯುವುದೇ ಕಷ್ಟವಿತ್ತು.

ಆದರೂ ಪಿಪಿ ಗೆದ್ದಿತು. ಎಡಪಕ್ಷಗಳು ಒಡೆದುಹೋಗಿದ್ದರಿಂದ ಗೆದ್ದಿತು ಎಂಬ ವಿವರಣೆ ಆ ರಾತ್ರಿಯೇ ಹುಟ್ಟಿಕೊಂಡಿತು. ಅದನ್ನು ಸ್ವಲ್ಪ ತೂಗಿ ನೋಡಬೇಕು.

ಗಲೀಸಿಯಾದಲ್ಲಿ ನಾಲ್ಕು ಪ್ರಾಂತಗಳಿವೆ: ಆ ಕೊರುನ್ಯಾ, ಪೊಂತೆವೆದ್ರಾ, ಲೂಗೊ, ಓರೆನ್ಸೆ. ಒಂದೊಂದೂ ಒಂದೊಂದು ಕ್ಷೇತ್ರ. ಪಕ್ಷಗಳು ಪಟ್ಟಿ ಕೊಡುತ್ತವೆ, ಸಿಕ್ಕ ಮತಕ್ಕೆ ತಕ್ಕಂತೆ ದೊಂಟ್ ವಿಧಾನದಲ್ಲಿ ಸ್ಥಾನ ಹಂಚುತ್ತಾರೆ. ಪ್ರತಿ ಪಕ್ಷದ ಮತವನ್ನು 1, 2, 3 ಎಂದು ಭಾಗಿಸುತ್ತ ಹೋಗಿ, ಬಂದ ಭಾಗಲಬ್ಧಗಳಲ್ಲಿ ದೊಡ್ಡವನ್ನು ಆರಿಸುವ ವಿಧಾನ ಅದು; ದೊಡ್ಡ ಪಕ್ಷಕ್ಕೆ ತುಸು ಒಲವು ತೋರುತ್ತದೆ. ಪ್ರಾಂತದಲ್ಲಿ ಶೇ. 5 ಮತ ದಾಟದ ಪಕ್ಷಕ್ಕೆ ಏನೂ ಇಲ್ಲ. ಮೊದಲು ಈ ಹೊಸ್ತಿಲು ಶೇ. 3 ಇತ್ತು. 1992ರಲ್ಲಿ, ಪಿಪಿ ಆಳ್ವಿಕೆಯಲ್ಲೇ, ಅದನ್ನು 5ಕ್ಕೆ ಏರಿಸಲಾಯಿತು.

ಸೋಷಲಿಸ್ಟರ ಎಡಕ್ಕಿರುವ ಸುಮಾರ್ ಪಕ್ಷ ಈ ಹೊಸ್ತಿಲಲ್ಲೇ ಎಡವಿತು. ಸ್ಪ್ಯಾನಿಷ್‌ನಲ್ಲಿ 'ಸುಮಾರ್' ಅಂದರೆ ಕೂಡಿಸು ಎಂದರ್ಥ. ಕನ್ನಡದ ಕಿವಿಗೆ ಬೇರೆ ಅರ್ಥ ಕೇಳಿಸುತ್ತದೆ, ಫಲಿತಾಂಶವೂ ನಮ್ಮ ಅರ್ಥಕ್ಕೇ ಹತ್ತಿರವಾಯಿತು: ಶೇ. 2ಕ್ಕೂ ತುಸು ಕಡಿಮೆ. ಅದರ ಆಗಿನ ನಾಯಕಿ, ಸ್ಪೇನಿನ ಉಪಪ್ರಧಾನಿಯೂ ಆಗಿದ್ದ ಯೊಲಾಂಡಾ ದಿಯಾಸ್ ಇದೇ ಗಲೀಸಿಯಾದವರು ಎಂಬುದು ಗಾಯಕ್ಕೆ ಉಪ್ಪು. ಅದರಿಂದ ಸಿಡಿದು ನಿಂತ ಪೊದೆಮೊಸ್‌ಗೆ ನಾಲ್ಕು ಸಾವಿರ ಮತವೂ ಬೀಳಲಿಲ್ಲ. ಎರಡನ್ನೂ ಸೇರಿಸಿದರೂ ಶೇ. 5ರ ಅರ್ಧ ಮುಟ್ಟುವುದಿಲ್ಲ. ಅವು ಜಗಳವಾಡದೆ ಒಟ್ಟಿಗೆ ನಿಂತಿದ್ದರೂ ಇಡೀ ಫಲ ಬದಲಾಗುತ್ತಿತ್ತು ಎನ್ನಲು ಆಧಾರ ಸಾಲದು.

ಹಾಗಾದರೆ ಒಡಕಿನ ವಾದದಲ್ಲಿ ಹುರುಳೇ ಇಲ್ಲವೇ? ಇದೆ, ಆದರೆ ಬೇರೆ ಜಾಗದಲ್ಲಿ. ಬಿಎನ್‌ಜಿಗೆ ಶೇ. 31.6, ಸೋಷಲಿಸ್ಟರಿಗೆ 14, ಉಳಿದಿಬ್ಬರಿಗೆ 2 ಚಿಲ್ಲರೆ. ಕೂಡಿಸಿದರೆ ಪಿಪಿಯ ಶೇ. 47.4ಕ್ಕೆ ಹೆಚ್ಚುಕಡಿಮೆ ಸಮ. ಮತ ಸಮಸಮ, ಸ್ಥಾನ ಮಾತ್ರ 40ಕ್ಕೆ 34. ಈ ಆರರ ಅಂತರಕ್ಕೆ ದೊಂಟ್ ಒಂದು ಕಾರಣ, ಹೊಸ್ತಿಲು ಇನ್ನೊಂದು, ಮೂರನೆಯದು ಸ್ಥಾನ ಹಂಚಿಕೆ. ಪ್ರತಿ ಪ್ರಾಂತಕ್ಕೂ ಕಣ್ಣು ಮುಚ್ಚಿ 10 ಸ್ಥಾನ ಕೊಟ್ಟು, ಉಳಿದ 35ನ್ನಷ್ಟೇ ಜನಸಂಖ್ಯೆಗೆ ತಕ್ಕಂತೆ ಹಂಚುತ್ತಾರೆ. ಹೀಗಾಗಿ ಆ ಕೊರುನ್ಯಾಕ್ಕೆ 25, ಪೊಂತೆವೆದ್ರಾಕ್ಕೆ 22, ಲೂಗೊ ಮತ್ತು ಓರೆನ್ಸೆಗೆ ತಲಾ 14. ಆ ಕೊರುನ್ಯಾದಲ್ಲಿ ಸುಮಾರು 45 ಸಾವಿರ ಜನಕ್ಕೊಬ್ಬ ಪ್ರತಿನಿಧಿಯಾದರೆ ಓರೆನ್ಸೆಯಲ್ಲಿ 22 ಸಾವಿರಕ್ಕೊಬ್ಬ. ಮುಪ್ಪಾಗುತ್ತಿರುವ, ಖಾಲಿಯಾಗುತ್ತಿರುವ ಒಳನಾಡಿನ ಮತಕ್ಕೆ ಕಡಲಂಚಿನ ನಗರದ ಮತಕ್ಕಿಂತ ಎರಡರಷ್ಟು ತೂಕ. ಆ ಒಳನಾಡು ಪಿಪಿಯ ಕೋಟೆ.

ಇಷ್ಟಕ್ಕೇ ನಿಂತರೆ ಅಂಕಗಣಿತದಲ್ಲಿ ರಾಜಕೀಯ ಮುಳುಗಿಹೋಗುತ್ತದೆ. 2020ರ ಜುಲೈಯಲ್ಲಿ, ಸೋಂಕಿನ ಭಯದ ನಡುವೆ ನಡೆದ ಚುನಾವಣೆಯಲ್ಲಿ ಪಿಪಿಗೆ ಬಿದ್ದದ್ದು 6.28 ಲಕ್ಷ ಮತ, 42 ಸ್ಥಾನ. ಈ ಸಲ 7 ಲಕ್ಷ ಮತ, 40 ಸ್ಥಾನ. ಸುಮಾರು 73 ಸಾವಿರ ಮತ ಹೆಚ್ಚು ಬಂದೂ ಎರಡು ಸ್ಥಾನ ಹೋಯಿತು, ಏಕೆಂದರೆ ಬಿಎನ್‌ಜಿ ಅದಕ್ಕಿಂತ ಜೋರಾಗಿ ಓಡಿತು: 3.11 ಲಕ್ಷದಿಂದ 4.67 ಲಕ್ಷಕ್ಕೆ. ಸೋಷಲಿಸ್ಟರು ಕಳೆದುಕೊಂಡದ್ದು ಸುಮಾರು 46 ಸಾವಿರ. ಅವರು ಕಳೆದುಕೊಂಡದ್ದೆಲ್ಲ ಬಿಎನ್‌ಜಿಗೇ ಹೋಯಿತು ಎಂದಿಟ್ಟುಕೊಂಡರೂ, ಎಡದ ಸಣ್ಣ ಪಕ್ಷಗಳಿಂದ ಜಾರಿದ್ದನ್ನೂ ಸೇರಿಸಿದರೂ, ಲೆಕ್ಕ ತುಂಬುವುದಿಲ್ಲ. ಉಳಿದವರು ಹಿಂದಿನ ಸಲ ಮನೆಯಲ್ಲೇ ಉಳಿದವರು. ಗಲೀಸಿಯಾದಲ್ಲಿ ವಾಸಿಸುವ ಮತದಾರರಲ್ಲಿ ಮತ ಹಾಕಿದವರ ಪ್ರಮಾಣ ಶೇ. 59ರ ಆಸುಪಾಸಿನಿಂದ 67ಕ್ಕೆ ಏರಿತ್ತು.

ಮತದಾನ ಏರಿದರೆ ಎಡಕ್ಕೆ ಲಾಭ ಎಂಬ ಹಳೆಯ ನಂಬಿಕೆ ಸ್ಪೇನಿನಲ್ಲಿದೆ. ಈ ಸಲ ಅದು ಅರ್ಧ ನಿಜವಾಯಿತು. ಬಿಎನ್‌ಜಿಯ ಆನಾ ಪೊಂತೋನ್ ಗೆಲ್ಲಬಹುದು ಎಂಬ ಸುದ್ದಿ ಎಡದವರನ್ನು ಮತಗಟ್ಟೆಗೆ ತಂದಿತು. ಅದೇ ಸುದ್ದಿ ಪಿಪಿಯ ಆಲಸಿ ಮತದಾರರನ್ನೂ ಎಬ್ಬಿಸಿತು. ಆರಾಮಾಗಿ ಗೆಲ್ಲುತ್ತೇವೆ ಎಂದುಕೊಂಡಿದ್ದರೆ ಮನೆಯಲ್ಲೇ ಕೂರಬಹುದಾಗಿದ್ದವರು, ಅಥವಾ ಸಿಟ್ಟಿಗೆ ಕಡು ಬಲಪಂಥದ ವೋಕ್ಸ್‌ಗೆ ಒತ್ತಬಹುದಾಗಿದ್ದವರು, ಬಹುಮತ ತಪ್ಪುತ್ತದೆ ಎಂದು ಕೇಳಿದೊಡನೆ ಒಂದೇ ಪೆಟ್ಟಿಗೆಗೆ ಬಂದರು. ವೋಕ್ಸ್‌ಗೆ ಸಿಕ್ಕಿದ್ದು ಶೇ. 2.2. ಆ ಚುನಾವಣೆಯ ನಂತರವೂ ಸ್ಪೇನಿನ 17 ಪ್ರಾದೇಶಿಕ ಸಂಸತ್ತುಗಳಲ್ಲಿ ವೋಕ್ಸ್‌ಗೆ ಒಂದೂ ಸ್ಥಾನವಿಲ್ಲದ್ದು ಗಲೀಸಿಯಾದಲ್ಲಿ ಮಾತ್ರ.

ಇದು ಆಕಸ್ಮಿಕವಲ್ಲ. ಗಲೀಸಿಯಾದ ಪಿಪಿ ಮ್ಯಾಡ್ರಿಡ್‌ನ ಪಿಪಿಯ ಶಾಖೆಯಂತೆ ಎಂದೂ ನಡೆದುಕೊಂಡಿಲ್ಲ. ಇದರ ಬೇರು ಮನುಯೆಲ್ ಫ್ರಾಗಾ ಕಾಲದ್ದು. ಫ್ರಾಂಕೊ ಸರ್ವಾಧಿಕಾರದಲ್ಲಿ ಸಚಿವರಾಗಿದ್ದ ಫ್ರಾಗಾ, ರಾಷ್ಟ್ರಮಟ್ಟದಲ್ಲಿ ಪ್ರಧಾನಿಯಾಗುವ ಆಸೆ ಬಿಟ್ಟು ಊರಿಗೆ ಮರಳಿ, 1990ರಿಂದ 2005ರವರೆಗೆ ಷುಂತಾದ ಅಧ್ಯಕ್ಷರಾದರು. ಪದಗ್ರಹಣಕ್ಕೆ ಸಾವಿರಾರು ಗಾಯ್ತಾ ವಾದಕರನ್ನು ಗಲೀಸಿಯಾದ ರಾಜಧಾನಿ ಸಾಂತಿಯಾಗೊದ ಕೆಥೆಡ್ರಲ್ ಚೌಕದಲ್ಲಿ ಸೇರಿಸಿದರು. ಗಾಯ್ತಾ ಅಲ್ಲಿನ ಚೀಲದ ಕೊಳಲು, ಆ ನಾಡಿನ ಗುರುತು. ಸ್ಪೇನಿನ ಏಕತೆಯನ್ನೇ ಉಸಿರಾಡಿದ ಪಕ್ಷ ಇಲ್ಲಿ ಗಲೀಸಿಯನ್ ಮಾತಾಡಿತು, ಜಾತ್ರೆಗೆ ಹೋಯಿತು, ಹಳ್ಳಿಯ ರಸ್ತೆ ಹಾಕಿಸಿತು. ಪಕ್ಷದೊಳಗೆ ಎರಡು ಬಣ ಇದ್ದವು. ಒಂದು 'ಬೋಯ್ನಾ', ಅಂದರೆ ರೈತರ ಬೆರೆ ಟೋಪಿಯವರು. ಇನ್ನೊಂದು 'ಬಿರೆತೆ', ಅಂದರೆ ಪದವೀಧರರ ಟೋಪಿಯವರು. ಒಳನಾಡಿನ ಮತ ತರುತ್ತಿದ್ದದ್ದು ಮೊದಲ ಬಣ. ಓರೆನ್ಸೆ ಪ್ರಾಂತದ ಆಡಳಿತ ಮಂಡಳಿಯ ಅಧ್ಯಕ್ಷಗಿರಿ 1990ರಿಂದ 2012ರವರೆಗೆ ಅಪ್ಪ ಬಾಲ್ತಾರ್ ಕೈಯಲ್ಲಿತ್ತು, ಅಲ್ಲಿಂದ 2023ರವರೆಗೆ ಮಗ ಬಾಲ್ತಾರ್ ಕೈಯಲ್ಲಿ. ಯಾರ ಮನೆಗೆ ಯಾವ ಕೆಲಸ ಆಗಬೇಕು ಎಂದು ಬಲ್ಲವರು.

ಫೇಹೋ ಬಂದದ್ದು ಎರಡನೇ ಬಣದಿಂದ. ಅವರು ಟೋಪಿ ಬದಲಿಸಿದರು, ಉಪಾಯ ಬದಲಿಸಲಿಲ್ಲ. 2010ರಲ್ಲಿ ಶಾಲೆಗಳಲ್ಲಿ ಗಲೀಸಿಯನ್ ಭಾಷೆಯ ಪಾಲನ್ನು ಕಡಿತಗೊಳಿಸುವ ಆದೇಶ ಹೊರಡಿಸಿದವರು ಅವರೇ. 2020ರಲ್ಲಿ 'ಗಲೀಸಿಯಾ, ಗಲೀಸಿಯಾ, ಗಲೀಸಿಯಾ' ಎಂಬ ಘೋಷಣೆಯಡಿ ಮತ ಕೇಳಿದವರೂ ಅವರೇ. ನಾಡಿನ ಹೆಸರು ದೊಡ್ಡದಾಗಿ, ಪಕ್ಷದ ಗುರುತು ಚಿಕ್ಕದಾಗಿ. ಬೇರೆಡೆ ಪ್ರಾದೇಶಿಕ ಬಲಪಂಥೀಯ ಪಕ್ಷ ಹುಟ್ಟುವ ಜಾಗದಲ್ಲಿ ಇಲ್ಲಿ ಪಿಪಿಯೇ ಕುಳಿತಿದೆ. ಬಾಸ್ಕ್ ನಾಡಿನ ಪಿಎನ್‌ವಿಯಂಥ ಪಕ್ಷ ಗಲೀಸಿಯಾದಲ್ಲಿ ಬೆಳೆಯದಿರಲು ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಪೊಂತೋನ್ ಮಾಡಿದ್ದೂ ಒಂದರ್ಥದಲ್ಲಿ ಇದನ್ನೇ. ಅವರು ಮುಂದಾಳಾದದ್ದು 2016ರಲ್ಲಿ, ಪಕ್ಷ ಆರು ಸ್ಥಾನಕ್ಕೆ ಕುಸಿದ ವರ್ಷ. ಆಗ ಎಡದ ಗಾಳಿಯೆಲ್ಲ ಪೊದೆಮೊಸ್ ಜೊತೆಗಿದ್ದ ಕೂಟದ ಕಡೆ ಬೀಸುತ್ತಿತ್ತು. ಬಿಎನ್‌ಜಿ ಇನ್ನು ಮುಗಿಯಿತು ಎಂದವರೇ ಹೆಚ್ಚು. ಪೊಂತೋನ್ ಸ್ವಾತಂತ್ರ್ಯದ ಮಾತನ್ನು ಹಿಂದಕ್ಕೆ ಸರಿಸಿದರು. ಆಸ್ಪತ್ರೆಯ ಸರದಿ, ಮನೆ ಬಾಡಿಗೆ, ಕೆಲಸ ಹುಡುಕಿ ಹೊರಟ ಮಕ್ಕಳು, ಇವು ಮುಂದೆ ಬಂದವು. ಆರು ಹೋಗಿ ಹತ್ತೊಂಬತ್ತಾಯಿತು, ಹತ್ತೊಂಬತ್ತು ಇಪ್ಪತ್ತೈದಾಯಿತು. ಅದಕ್ಕೂ ಹಿಂದಿನ ದಾಖಲೆ 1997ರ 18. ಬೆದರಿಸದೆ ಬೆಳೆದ ಪಕ್ಷ ಅದು. ಆದರೆ ಪಿಪಿ ಮತದಾರರ ಮನೆಯೊಳಗೆ ಕಾಲಿಡುವಷ್ಟು ಬೆಳೆಯಲಿಲ್ಲ. ಮುಖ್ಯವಾಗಿ ಎಡದ ಅಂಗಳದಲ್ಲೇ ಬೇಲಿ ಸರಿಸಿ ಸರಿಸಿ ದೊಡ್ಡದಾಯಿತು.

ಸೋಷಲಿಸ್ಟರದು ಬೇರೆ ಕಥೆ, ತುಸು ಕರುಣಾಜನಕ. 2023ರ ಜುಲೈಯ ರಾಷ್ಟ್ರೀಯ ಚುನಾವಣೆಯಲ್ಲಿ ಇದೇ ಗಲೀಸಿಯಾದಲ್ಲಿ ಅವರಿಗೆ ಶೇ. 30ರ ಹತ್ತಿರ ಮತ ಬಿದ್ದಿತ್ತು, ಬಿಎನ್‌ಜಿಗೆ 10ಕ್ಕೂ ಕಡಿಮೆ. ಏಳು ತಿಂಗಳಲ್ಲಿ ಅದು ತಿರುವುಮುರುವಾಯಿತು. ಅದೇ ಜನ, ಅದೇ ಮತಗಟ್ಟೆ. ಮ್ಯಾಡ್ರಿಡ್‌ಗಾದರೆ ಸಾಂಚೆಸ್, ಸಾಂತಿಯಾಗೊಗಾದರೆ ಪೊಂತೋನ್ ಎಂದು ಮತದಾರರು ಲೆಕ್ಕ ಬೇರೆಬೇರೆ ಇಟ್ಟುಕೊಂಡಿದ್ದರು. ಕಣಕ್ಕೆ ಕೆಲವೇ ತಿಂಗಳ ಮೊದಲು ಇಳಿದ ಸೋಷಲಿಸ್ಟ್ ಅಭ್ಯರ್ಥಿ ಗೋಮೆಸ್ ಬೆಸ್ತೇಯ್ರೊಗೆ ಇದನ್ನು ತಡೆಯಲು ಸಮಯವೂ ಇರಲಿಲ್ಲ, ಹೇಳಲು ಬೇರೆ ಮಾತೂ ಇರಲಿಲ್ಲ. ಪೊಂತೋನ್ ಅಧ್ಯಕ್ಷರಾದರೆ ನಾವು ಬೆಂಬಲಿಸುತ್ತೇವೆ ಎನ್ನಬೇಕಾದ ಪಕ್ಷಕ್ಕೆ ಜನ ನೇರ ಪೊಂತೋನ್‌ಗೇ ಮತ ಹಾಕದೆ ಏಕೆ ಹಾಕಬೇಕು? ಶೇ. 14, 9 ಸ್ಥಾನ, ಗಲೀಸಿಯಾದಲ್ಲಿ ಆ ಪಕ್ಷದ ಅತಿ ಕೆಟ್ಟ ಫಲ.

ಇದರ ಜೊತೆಗೇ ಇಡಬೇಕಾದ ಇನ್ನೊಂದು ಸಂಗತಿಯಿದೆ. ಗಲೀಸಿಯಾದ ಏಳು ಮುಖ್ಯ ನಗರಗಳಲ್ಲಿ ಆ ಹೊತ್ತಿಗೆ ಪಿಪಿಯ ಮೇಯರ್ ಇದ್ದದ್ದು ಫೆರೋಲ್‌ನಲ್ಲಿ ಮಾತ್ರ. ಆ ಕೊರುನ್ಯಾ, ವೀಗೊ, ಲೂಗೊ ಸೋಷಲಿಸ್ಟರ ಕೈಯಲ್ಲಿ. ಸಾಂತಿಯಾಗೊ, ಪೊಂತೆವೆದ್ರಾ ಬಿಎನ್‌ಜಿ ಕೈಯಲ್ಲಿ. ಸಂಸತ್ತಿನಲ್ಲಿ ಬಹುಮತವಿರುವ ಪಕ್ಷಕ್ಕೆ ರಾಜಧಾನಿಯ ನಗರಸಭೆಯೇ ಇಲ್ಲ. ಉಳಿದದ್ದು ಓರೆನ್ಸೆ, ಅಲ್ಲಿನ ಮೇಯರ್ ಗೊನ್ಸಾಲೊ ಪೆರೆಸ್ ಹಾಕೋಮೆಯ ಊರ ಪಕ್ಷವೇ ಆ ಒಂಟಿ ಸ್ಥಾನ ಗೆದ್ದದ್ದು. ಇಡೀ ಗಲೀಸಿಯಾದಲ್ಲಿ ಅದಕ್ಕೆ ಶೇ. 1ರಷ್ಟು ಮತ, 15 ಸಾವಿರ ಚಿಲ್ಲರೆ. ಎಲ್ಲವೂ ಒಂದೇ ಪ್ರಾಂತದಲ್ಲಿ ಬಿದ್ದದ್ದರಿಂದ ಹೊಸ್ತಿಲು ದಾಟಿತು. ನಾಡಿನುದ್ದಕ್ಕೂ ಹರಡಿಹೋದ ವೋಕ್ಸ್‌ನ ಎರಡರಷ್ಟು ಮತ ಸೊನ್ನೆಯಾಯಿತು.

ಮುಂದಿನ ಚುನಾವಣೆ ಕಾಲಕ್ಕೆ ಸರಿಯಾಗಿ ನಡೆದರೆ 2028ರಲ್ಲಿ. ಪಿಪಿ ಕಾಯಬೇಕಾದ ಗಡಿ ಎಡಕ್ಕಿಂತ ಬಲಕ್ಕಿದೆ. ವೋಕ್ಸ್ ಒಂದೆರಡು ಪ್ರಾಂತಗಳಲ್ಲಿ ಶೇ. 5 ದಾಟಿತೆಂದರೆ ಅದರ ಸ್ಥಾನ ಬರುವುದು ಬಹುಮಟ್ಟಿಗೆ ಪಿಪಿಯ ಖಾತೆಯಿಂದಲೇ. ಕೈಯಲ್ಲಿರುವ ಮಿಗತೆ ಎರಡೇ. ಮೂರು ಹೋದರೆ 37, ಆಗ ರುಯೇದಾ ಮೊದಲ ಬಾರಿಗೆ ಇನ್ನೊಬ್ಬರ ಬಾಗಿಲು ತಟ್ಟಬೇಕು, ಮತ್ತು 'ನಾವು ಗಲೀಸಿಯಾದವರು, ಮ್ಯಾಡ್ರಿಡ್‌ನ ಜಗಳ ನಮಗೇಕೆ' ಎಂಬ ಮಾತು ವೋಕ್ಸ್ ಪಕ್ಕದಲ್ಲಿ ಕೂತು ಹೇಳಲಾಗದು.

37 ಅವರ ಪಕ್ಷಕ್ಕೆ ಪರಿಚಿತ ಸಂಖ್ಯೆ. 2005ರ ಜೂನ್‌ನಲ್ಲಿ 82ರ ಫ್ರಾಗಾಗೆ ಸಿಕ್ಕದ್ದು ಅಷ್ಟೇ. ಎದುರಿಗೆ ಸೋಷಲಿಸ್ಟರ 25, ಬಿಎನ್‌ಜಿಯ 13. ಅಧಿಕಾರ ಯಾರಿಗೆಂದು ತೀರ್ಮಾನಿಸುವ ಆ ಒಂದು ಸ್ಥಾನ ಯಾರದೆಂದು ಮತದಾನದ ರಾತ್ರಿ ತಿಳಿದಿರಲಿಲ್ಲ. ತಲೆಮಾರುಗಳ ಹಿಂದೆ ಹೊಟ್ಟೆಪಾಡಿಗೆ ಅರ್ಜೆಂಟೀನಾಕ್ಕೆ, ವೆನೆಜುವೆಲಾಕ್ಕೆ, ಸ್ವಿಟ್ಜರ್ಲೆಂಡಿಗೆ ಹೋದವರ, ಅವರ ಮಕ್ಕಳ ಅಂಚೆ ಮತಗಳ ಎಣಿಕೆಗೆ ಇಡೀ ನಾಡು ಒಂದು ವಾರ ಕಾದಿತ್ತು. 2020ರಲ್ಲೂ ಹಾಗೆ ಬಂದ ಮತಗಳೇ ಪಿಪಿಯ 41ನ್ನು 42 ಮಾಡಿದವು. 2024ರ ಪಟ್ಟಿಯಲ್ಲಿದ್ದ ಸುಮಾರು 27 ಲಕ್ಷ ಮತದಾರರಲ್ಲಿ 4.76 ಲಕ್ಷ ಮಂದಿ ವಿದೇಶಗಳಲ್ಲಿರುವವರು. ಮತ ಬೇಕೆಂದು ಮೊದಲೇ ಅರ್ಜಿ ಹಾಕುವ ಕಟ್ಟಳೆಯೂ 2022ರಲ್ಲಿ ಹೋಗಿದೆ. ಈ ಸಲ ಅವರ ಚೀಲಗಳು ತೆರೆದಾಗ ಯಾವ ಸ್ಥಾನವೂ ಕದಲಲಿಲ್ಲ.